ಏರ್ಕಾಡಿನ ಕಾಫಿ, ಬೆಂಗಳೂರಿನ ಇನ್ಸುಲಿನ್: ವಂಶವಾಹಿ ವಿಜ್ಞಾನದ ಒಂದು ಚರಿತ್ರೆ

ನಮ್ಮ ಸಂಘದ ಸಮಾರಂಭಗಳಲ್ಲಿ ಕೆಲವು ವರ್ಷಗಳಿಂದ ಒಂದು ಹೊಸ ವಾಡಿಕೆ ಬೆಳೆದಿರುವುದನ್ನು ನಾವು ಗಮನಿಸುತ್ತ ಬಂದಿದ್ದೇವೆ. ಬೆಳಗಿನ ಗೋಷ್ಠಿ ಮುಗಿದು ಕಾಫಿಯ ವೇಳೆಯಾದಾಗ ಮೇಜಿನ ಮೇಲೆ ಎರಡು ಪಾತ್ರೆಗಳಿರುತ್ತವೆ. ಒಂದರಲ್ಲಿ ಸಕ್ಕರೆಯುಂಟು, ಇನ್ನೊಂದರಲ್ಲಿ ಇಲ್ಲ. ಹಿರಿಯರ ಸಾಲು ಎರಡನೆಯ ಪಾತ್ರೆಯ ಮುಂದೆಯೇ ಉದ್ದವಾಗಿರುತ್ತದೆ. ಆ ಸಾಲಿನಲ್ಲಿ ನಾವೂ ಒಬ್ಬರು. ಈ ಸ್ಮರಣ ಸಂಚಿಕೆಯನ್ನು ಕೈಯಲ್ಲಿ ಹಿಡಿದಿರುವ ಓದುಗರಲ್ಲಿ ಅನೇಕರು ಅದೇ ಸಾಲಿನಲ್ಲಿ ನಮ್ಮ ಹಿಂದೆಯೋ ಮುಂದೆಯೋ ನಿಂತವರೇ ಆಗಿರುತ್ತಾರೆ.

ಆ ಲೋಟದಲ್ಲಿ ಎರಡು ಚರಿತ್ರೆಗಳಿವೆ. ಒಂದು, ಅದರಲ್ಲಿರುವ ಕಾಫಿಯದು; ಇನ್ನೊಂದು, ಅದರಲ್ಲಿಲ್ಲದ ಸಕ್ಕರೆಯದು. ವಿಜ್ಞಾನ ನಾವು ಕಲಿಸಿದ ವಿಷಯವಲ್ಲ. ಮೂರು ದಶಕಗಳಿಗೂ ಮೀರಿ ಮಕ್ಕಳಿಗೆ ಹೇಳಿಕೊಟ್ಟದ್ದು ಚರಿತ್ರೆಯನ್ನು. ಆದರೂ ಈ ಎರಡು ಚರಿತ್ರೆಗಳನ್ನು ಹಿಂಬಾಲಿಸುತ್ತ ಹೋದರೆ ಇವೆರಡೂ ವಂಶವಾಹಿ ಎಂಬ ಒಂದೇ ಜಾಗದಲ್ಲಿ ಬಂದು ಸೇರುವುದನ್ನು ಕಾಣುತ್ತೇವೆ. ಆ ದಾರಿಯಲ್ಲಿ ಓದುಗರನ್ನು ಒಂದಿಷ್ಟು ದೂರ ಕರೆದೊಯ್ಯುವುದು ಈ ಬರಹದ ಉದ್ದೇಶ.

ಬೆಟ್ಟ ಮತ್ತು ಬೀಜ

ಏರ್ಕಾಡ್ ಎಂಬ ಹೆಸರನ್ನೇ ನೋಡೋಣ. 'ಏರಿ' ಎಂದರೆ ತಮಿಳಿನಲ್ಲಿ ಕೆರೆ. ನಮ್ಮಲ್ಲಿ ಕೆರೆಯ ನೀರನ್ನು ತಡೆದು ನಿಲ್ಲಿಸುವ ಕಟ್ಟೆ. 'ಕಾಡು' ಎರಡು ಭಾಷೆಗಳಲ್ಲಿಯೂ ಕಾಡೇ. ಒಂದೇ ಬೇರಿನಿಂದ ಬಂದ ಮಾತು ಎರಡು ಮನೆಗಳಲ್ಲಿ ಬೆಳೆದು ಸ್ವಲ್ಪ ಅರ್ಥ ಬದಲಿಸಿಕೊಂಡಿದೆ. ಶೇರ್ವರಾಯನ್ ಬೆಟ್ಟದ ತುದಿಯ ಗುಹಾದೇವಾಲಯದಲ್ಲಿ ಶೇರ್ವರಾಯನ ಪಕ್ಕದಲ್ಲಿ ಪೂಜೆಗೊಳ್ಳುವ ದೇವಿಯ ಹೆಸರು ಕಾವೇರಿ. ಕೊಡಗಿನಲ್ಲಿ ಹುಟ್ಟಿ ಸೇಲಂ ಸೀಮೆಯನ್ನು ಹಾದುಹೋಗುವ ಆ ನದಿಯ ಹಾಗೆಯೇ ಈ ನಾಡಿನ ಚರಿತ್ರೆಯೂ ಎರಡು ಕಡೆಗೂ ಸೇರಿದ್ದು. ಧರ್ಮಪುರಿಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳಿವೆ. ಮೈಸೂರಿನ ಆಳ್ವಿಕೆಯಲ್ಲಿದ್ದ ಬಾರಾಮಹಲ್ ಮತ್ತು ಸೇಲಂ ಸೀಮೆ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಕಂಪನಿಯ ಕೈಸೇರಿದುದನ್ನು ಶಾಲೆಯ ಮಕ್ಕಳೂ ಬಲ್ಲರು.

ಕಂಪನಿಯ ಆಡಳಿತ ಬಂದ ಮೇಲೆ ಸೇಲಂ ಜಿಲ್ಲೆಯ ಕಲೆಕ್ಟರಾಗಿದ್ದ ಎಂ. ಡಿ. ಕಾಕ್‌ಬರ್ನ್ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಈ ಬೆಟ್ಟಕ್ಕೆ ಕಾಫಿ ಗಿಡವನ್ನು ತಂದರು. ಅದಕ್ಕೂ ಬಹು ಹಿಂದೆಯೇ, ಹದಿನೇಳನೆಯ ಶತಮಾನದಲ್ಲಿ, ಬಾಬಾ ಬುಡನ್ ಅವರು ಅರೇಬಿಯಾದಿಂದ ಏಳು ಬೀಜಗಳನ್ನು ಚಿಕ್ಕಮಗಳೂರಿನ ಗಿರಿಗೆ ತಂದರೆಂಬುದು ನಮ್ಮ ಜನರ ನಂಬಿಕೆ. ಹೀಗೆ ಎರಡು ಬೆಟ್ಟಗಳಲ್ಲಿಯೂ ಅರೇಬಿಕಾ ಕಾಫಿ ಬೇರೂರಿತು. ಬೇರೂರಿದ್ದಕ್ಕೆ ಶತ್ರುವೂ ಬಂದಿತು. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಅಲ್ಲಿನ ತೋಟಗಳನ್ನು ಹಾಳುಗೆಡವಿತು. ಸಿಂಹಳದವರು ಕಾಫಿಯನ್ನು ಕಿತ್ತು ಚಹಾ ಹಾಕಿದರು. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿಯಂತೆ ಕಾಣುವ ಆ ಶಿಲೀಂಧ್ರ ಬೇಗನೆ ನಮ್ಮ ಮಲೆಗಳಿಗೂ ದಾಟಿತು.

ಕನ್ನಡ ನಾಡು ಅದಕ್ಕೆ ಕೊಟ್ಟ ಉತ್ತರ ಮನನೀಯವಾದುದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅವರ ಪ್ರಯತ್ನದಿಂದ 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಆರಂಭವಾಯಿತು. ಅಲ್ಲಿನ ವಿಜ್ಞಾನಿಗಳ ಗಮನ ಸೆಳೆದದ್ದು ತಾನಾಗಿಯೇ ಹುಟ್ಟಿದ ಒಂದು ಬೆರಕೆ ಗಿಡ. ಅರೇಬಿಕಾ ಮತ್ತು ಲಿಬೆರಿಕಾ ಎಂಬ ಎರಡು ಬೇರೆ ಜಾತಿಯ ಕಾಫಿಗಳು ಪ್ರಕೃತಿಯಲ್ಲಿಯೇ ಕೂಡಿ ಹುಟ್ಟಿದ ಆ ಗಿಡದ ಸಂತತಿಗೆ ತುಕ್ಕು ರೋಗವನ್ನು ತಾಳುವ ಶಕ್ತಿಯಿತ್ತು. ಅದನ್ನು ಕೆಂಟ್ ಎಂಬ ಒಳ್ಳೆಯ ರುಚಿಯ ತಳಿಯೊಡನೆ ಕೂಡಿಸಿ, ಪೀಳಿಗೆಯಿಂದ ಪೀಳಿಗೆಗೆ ಆರಿಸುತ್ತ ಹೋಗಿ, 1940ರ ದಶಕದಲ್ಲಿ ಎಸ್.795 ಎಂಬ ತಳಿಯನ್ನು ಬೆಳೆಗಾರರ ಕೈಗೆ ಕೊಟ್ಟರು. ಇಂದಿಗೂ ಭಾರತದ ಅರೇಬಿಕಾ ತೋಟಗಳಲ್ಲಿ ಅದಕ್ಕೆ ಗೌರವದ ಸ್ಥಾನವಿದೆ.

ಇಲ್ಲಿ ಒಂದು ಅಂಶವನ್ನು ಗುರುತಿಸಬೇಕು. ಇನ್ನೊಂದು ಜಾತಿಯ ವಂಶವಾಹಿ ನಮ್ಮ ಕಾಫಿಯೊಳಗೆ ಆಗಲೇ ಬಂದು ಕುಳಿತಿತ್ತು. ತಂದದ್ದು ಪ್ರಕೃತಿ, ಗುರುತಿಸಿ ಬೆಳೆಸಿದ್ದು ಮನುಷ್ಯ. ಆದರೆ ಈ ದಾರಿಗೆ ಎರಡು ಮಿತಿಗಳಿದ್ದವು. ಹತ್ತಿರದ ನಂಟುಳ್ಳ ಗಿಡಗಳು ಮಾತ್ರ ಕೂಡಬಲ್ಲವು. ಬೇಕಾದ ಒಂದು ಗುಣದೊಡನೆ ಬೇಡವಾದ ಹತ್ತು ಗುಣಗಳೂ ಬರುತ್ತವೆ. ಅವನ್ನು ಸೋಸಿ ತೆಗೆಯುವುದರಲ್ಲಿ ಒಬ್ಬ ವಿಜ್ಞಾನಿಯ ಅರ್ಧ ಆಯುಷ್ಯ ಕಳೆದುಹೋಗುತ್ತದೆ.

ಕತ್ತರಿ ಮತ್ತು ಅಂಟು

ಆ ಮಿತಿಗಳನ್ನು ದಾಟುವ ತಂತ್ರ 1970ರ ದಶಕದಲ್ಲಿ ಮೈದಳೆಯಿತು. ಪ್ರತಿಯೊಂದು ಜೀವಕೋಶದೊಳಗೂ ಡಿಎನ್‌ಎ ಎಂಬ ಉದ್ದನೆಯ ನೂಲಿದೆ. ಆ ನೂಲಿನಲ್ಲಿ ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ದೇಹದ ಎಲ್ಲ ಪ್ರೋಟೀನುಗಳ ಪಾಕವಿಧಾನ ಬರೆದಿದೆ. ಆ ಲಿಪಿಯನ್ನು ಓದುವ ಬಗೆಯನ್ನು ಬಿಡಿಸಿದವರಲ್ಲಿ ಒಬ್ಬರು ಅವಿಭಜಿತ ಪಂಜಾಬಿನ ರಾಯಪುರ ಎಂಬ ಹಳ್ಳಿಯಲ್ಲಿ ಹುಟ್ಟಿದ ಹರಗೋಬಿಂದ ಖುರಾನಾ. 1968ರಲ್ಲಿ ಅವರಿಗೆ ನೊಬೆಲ್ ಬಹುಮಾನ ಸಂದಿತು. 1970ರಲ್ಲಿ ಅವರ ತಂಡ ಒಂದು ವಂಶವಾಹಿಯನ್ನು ಪ್ರಯೋಗಶಾಲೆಯಲ್ಲಿಯೇ ಅಕ್ಷರಕ್ಕೆ ಅಕ್ಷರ ಪೋಣಿಸಿ ಕಟ್ಟಿತು.

ಓದಲು ಬಂದರೆ ಸಾಲದು, ಕತ್ತರಿಸಿ ಅಂಟಿಸಲೂ ಬರಬೇಕು. ಬ್ಯಾಕ್ಟೀರಿಯಾಗಳು ತಮ್ಮ ಮೇಲೆ ದಾಳಿ ಮಾಡುವ ವೈರಸ್ಸುಗಳ ಡಿಎನ್‌ಎಯನ್ನು ತುಂಡರಿಸಲು ಬಳಸುವ ಕಿಣ್ವಗಳೇ ಕತ್ತರಿಯಾದವು. ಪ್ರತಿಯೊಂದು ಕತ್ತರಿಯೂ ತನಗೆ ಗೊತ್ತಾದ ಅಕ್ಷರಗಳ ಸಾಲನ್ನು ಕಂಡಲ್ಲಿ ಮಾತ್ರ ಕತ್ತರಿಸುತ್ತದೆ. ಲೈಗೇಸ್ ಎಂಬ ಇನ್ನೊಂದು ಕಿಣ್ವ ತುಂಡುಗಳನ್ನು ಸೇರಿಸುವ ಅಂಟಾಯಿತು. ಬ್ಯಾಕ್ಟೀರಿಯಾಗಳ ಒಳಗೆ ಬಳೆಯಾಕಾರದಲ್ಲಿರುವ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಗಾಡಿಯಾಯಿತು. ಬೇಕಾದ ವಂಶವಾಹಿಯನ್ನು ಕತ್ತರಿಸಿ, ಬಳೆಯೊಳಗೆ ಅಂಟಿಸಿ, ಬಳೆಯನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿದರೆ ಅದು ತಾನು ಎರಡಾಗುವಾಗಲೆಲ್ಲ ಆ ವಂಶವಾಹಿಯನ್ನೂ ನಕಲು ಮಾಡುತ್ತದೆ. 1973ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬಾಯರ್ ಇದನ್ನು ಮಾಡಿ ತೋರಿಸಿದರು.

ವಿಜ್ಞಾನಿಗಳಿಗೆ ತಮ್ಮ ಕೈಗೆ ಬಂದ ಶಕ್ತಿಯನ್ನು ಕಂಡು ತಾವೇ ಭಯವಾಯಿತು ಎಂಬುದು ಈ ಚರಿತ್ರೆಯ ಗೌರವದ ಪುಟ. 1974ರಲ್ಲಿ ಕೆಲವು ಬಗೆಯ ಪ್ರಯೋಗಗಳನ್ನು ಅವರು ಸ್ವಇಚ್ಛೆಯಿಂದ ತಡೆಹಿಡಿದರು. 1975ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಸಿಲೋಮರ್‌ನಲ್ಲಿ ಸುಮಾರು 140 ಮಂದಿ ಸೇರಿ ಸುರಕ್ಷತೆಯ ನಿಯಮಗಳನ್ನು ಚರ್ಚಿಸಿದರು. ರಾಜರು ಗೆದ್ದ ಕೋಟೆಗಳ ವರ್ಷಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದ ನಮಗೆ, ಬಲವುಳ್ಳವರು ತಾವಾಗಿಯೇ ಕೈತಡೆದ ಇಂಥ ವರ್ಷವೂ ಪಠ್ಯದಲ್ಲಿರಬೇಕಿತ್ತು ಎನಿಸುತ್ತದೆ.

ಒಂದು ಡಾಲರಿನ ಔಷಧಿ

ಇನ್ನು ಸಕ್ಕರೆಯ ಕಥೆ. ಮೇದೋಜೀರಕ ಗ್ರಂಥಿ ಸ್ರವಿಸುವ ಇನ್ಸುಲಿನ್ ಇಲ್ಲದೆ ರಕ್ತದ ಸಕ್ಕರೆ ಜೀವಕೋಶಗಳ ಬಳಕೆಗೆ ಬಾರದು. ನಮ್ಮಂಥ ವೃದ್ಧರಲ್ಲಿ ಅದು ಸಾಕಾಗದೆ, ಅಥವಾ ಇದ್ದದ್ದು ಸರಿಯಾಗಿ ಕೆಲಸ ಮಾಡದೆ, ಕಾಯಿಲೆ ನಿಧಾನವಾಗಿ ಬರುತ್ತದೆ. ಕೆಲವು ಮಕ್ಕಳಲ್ಲಿ ಇನ್ಸುಲಿನ್ ಉತ್ಪತ್ತಿಯೇ ನಿಂತುಹೋಗುತ್ತದೆ. 1922ಕ್ಕಿಂತ ಮೊದಲು ಅಂಥ ಮಗುವಿಗೆ ಬದುಕುವ ದಾರಿಯಿರಲಿಲ್ಲ.

1921ರ ಬೇಸಗೆಯಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಎಂಬವರು ನಾಯಿಗಳ ಗ್ರಂಥಿಯಿಂದ ಆ ಸಾರವನ್ನು ತೆಗೆದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕನಿಗೆ ಮೊದಲ ಚುಚ್ಚುಮದ್ದು ಕೊಡಲಾಯಿತು. ಅದು ಫಲಕಾರಿಯಾಗಲಿಲ್ಲ. ಜೇಮ್ಸ್ ಕೊಲಿಪ್ ಶುದ್ಧಗೊಳಿಸಿದ ಸಾರವನ್ನು ಅದೇ ತಿಂಗಳ 23ರಂದು ಕೊಟ್ಟಾಗ ಬಾಲಕ ಚೇತರಿಸಿಕೊಂಡನು. ಕಂಡುಹಿಡಿದವರು ಪೇಟೆಂಟಿನ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟರು.

ಅಲ್ಲಿಂದ ಸುಮಾರು 60 ವರ್ಷಗಳ ಕಾಲ ಲೋಕದ ಇನ್ಸುಲಿನ್ ಬಂದದ್ದು ಕಸಾಯಿಖಾನೆಗಳ ದನ ಮತ್ತು ಹಂದಿಗಳ ಗ್ರಂಥಿಗಳಿಂದ. ಇನ್ಸುಲಿನ್ 51 ಅಮೈನೋ ಆಮ್ಲಗಳ ಸರ. 21ರದೊಂದು ಎಳೆ, 30ರದು ಇನ್ನೊಂದು. ಹಂದಿಯ ಇನ್ಸುಲಿನ್ ಮನುಷ್ಯನದಕ್ಕಿಂತ ಒಂದು ಮಣಿಯಲ್ಲಿ ಬೇರೆ, ದನದ್ದು ಮೂರು ಮಣಿಗಳಲ್ಲಿ. ಆ ಸಣ್ಣ ವ್ಯತ್ಯಾಸದಿಂದ ಕೆಲವರಿಗೆ ಚುಚ್ಚಿದ ಜಾಗದಲ್ಲಿ ಗಂಟು, ಕೆಂಪು, ತುರಿಕೆ ಬರುತ್ತಿತ್ತು. ಸಾವಿರಾರು ಪ್ರಾಣಿಗಳ ಗ್ರಂಥಿ ಕೂಡಿಸಿದರೂ ಸಿಗುತ್ತಿದ್ದುದು ಸ್ವಲ್ಪವೇ. ಔಷಧಿ ಎಲ್ಲಿಂದ ಬರುತ್ತದೆಂದು ತಿಳಿದು ಮುಖ ತಿರುಗಿಸಿದ ಆಚಾರವಂತರನ್ನೂ ನಾವು ಕಂಡಿದ್ದೇವೆ.

1978

ಚರಿತ್ರೆಯನ್ನು ಕಲಿಸುವವರಿಗೆ ಕೆಲವು ಇಸವಿಗಳ ಮೇಲೆ ವಿಶೇಷ ಪ್ರೀತಿ. ನಮಗೆ 1978 ಅಂಥದು.

ಆ ವರ್ಷದ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಜೆನೆಂಟೆಕ್ ಕಂಪನಿ ಮತ್ತು ಸಿಟಿ ಆಫ್ ಹೋಪ್ ವೈದ್ಯಕೀಯ ಕೇಂದ್ರದ ವಿಜ್ಞಾನಿಗಳು ಬ್ಯಾಕ್ಟೀರಿಯಾದಿಂದ ಮನುಷ್ಯ ಇನ್ಸುಲಿನ್ ಪಡೆದೆವೆಂದು ಸಾರಿದರು. ಎರಡು ಎಳೆಗಳ ವಂಶವಾಹಿಗಳನ್ನು ಅಕ್ಷರ ಪೋಣಿಸಿ ಕಟ್ಟಿ, ಬೇರೆ ಬೇರೆ ಬ್ಯಾಕ್ಟೀರಿಯಾಗಳಲ್ಲಿಟ್ಟು, ಬಂದ ಎಳೆಗಳನ್ನು ಕೊನೆಗೆ ಜೋಡಿಸಿದರು. 1982ರಲ್ಲಿ ಅದು ಅಮೆರಿಕದಲ್ಲಿ ಮಾರಾಟಕ್ಕೆ ಅನುಮತಿ ಪಡೆಯಿತು. ವಂಶವಾಹಿ ತಂತ್ರದಿಂದ ತಯಾರಾಗಿ ಮನುಷ್ಯರ ಬಳಕೆಗೆ ಬಂದ ಮೊದಲ ಔಷಧಿ ಅದೇ.

ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಒಂದು ಬಾಡಿಗೆ ಮನೆಯ ಕಾರುಶೆಡ್ಡಿನಲ್ಲಿ, 10,000 ರೂಪಾಯಿ ಬಂಡವಾಳದಲ್ಲಿ, ಕಿರಣ್ ಮಜುಂದಾರ್ ಎಂಬ ತರುಣಿ ಐರಿಷ್ ಕಂಪನಿಯೊಂದರ ಜೊತೆಗೂಡಿ ಬಯೋಕಾನ್ ಸಂಸ್ಥೆಯನ್ನು ಆರಂಭಿಸಿದರು. ಅವರ ತಂದೆ ಬಿಯರ್ ತಯಾರಿಕೆಯ ತಜ್ಞರು. ಮಗಳು ಆಸ್ಟ್ರೇಲಿಯಾದಲ್ಲಿ ಅದೇ ವಿದ್ಯೆಯನ್ನು ಕಲಿತು ಬಂದವರು. ಹೆಣ್ಣೆಂಬ ಕಾರಣಕ್ಕೆ ಆ ಕಸುಬಿನಲ್ಲಿ ಅವರಿಗೆ ಕೆಲಸ ಸಿಗಲಿಲ್ಲ. ಹೊಸ ಸಂಸ್ಥೆ ಮೊದಲು ಮಾಡಿದ್ದು ಪರಂಗಿ ಹಣ್ಣಿನ ಹಾಲಿನಿಂದ ಪಪೈನ್ ಎಂಬ ಕಿಣ್ವವನ್ನೂ, ಮೀನಿನ ಗಾಳಿಚೀಲದಿಂದ ಬಿಯರನ್ನು ತಿಳಿಗೊಳಿಸುವ ವಸ್ತುವನ್ನೂ. ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳನ್ನು ಸಾಕಿ ಕೆಲಸ ತೆಗೆಯುವ ವಿದ್ಯೆ ಮಾತ್ರ ಕೈಬಿಡಲಿಲ್ಲ. 2004ರಲ್ಲಿ ಅದೇ ಸಂಸ್ಥೆ ಪಿಕಿಯಾ ಎಂಬ ಯೀಸ್ಟಿನೊಳಗೆ ಮನುಷ್ಯನ ವಂಶವಾಹಿಯನ್ನಿರಿಸಿ ತಯಾರಿಸಿದ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ದೋಸೆಯ ಹಿಟ್ಟು ಹುದುಗುವುದನ್ನು ದಿನವೂ ಕಾಣುವ ನಮ್ಮ ಮನೆಗಳ ಗೃಹಿಣಿಯರಿಗೆ ಈ ಕೆಲಸದ ಮರ್ಮ ಹೊಸದೇನಲ್ಲ. ಕಣ್ಣಿಗೆ ಕಾಣದ ಜೀವಿಗಳಿಗೆ ಆಹಾರ, ಬಿಸುಪು, ಸಮಯ ಕೊಟ್ಟರೆ ಅವು ನಮಗಾಗಿ ದುಡಿಯುತ್ತವೆ. 2021ರಲ್ಲಿ ಬಯೋಕಾನಿನ ಇನ್ನೊಂದು ಬಗೆಯ ಇನ್ಸುಲಿನ್ನನ್ನು ಮೂಲ ಔಷಧಿಯ ಬದಲಿಗೆ ನೇರವಾಗಿ ಕೊಡಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ ಒಪ್ಪಿತು.

ಅದೇ 1978ರಲ್ಲಿಯೇ ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತ ಗಿಡಮರಗಳ ಕಥೆಯನ್ನು ತಾಯ್ನುಡಿಯಲ್ಲಿ ಬರೆದ ಆ ಕನ್ನಡಿಗರನ್ನು ತಮಿಳುನಾಡಿನ ಕನ್ನಡಿಗರಾದ ನಾವು ಈ ಸಂದರ್ಭದಲ್ಲಿ ನೆನೆಯದಿದ್ದರೆ ಲೋಪವಾದೀತು.

ಇದರ ಮಾರನೆಯ ವರ್ಷದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ಆಗ ನಾವು ಗಡಿಭಾಗದ ಒಂದು ಶಾಲೆಯಲ್ಲಿ ಹೊಸದಾಗಿ ಸೇರಿದ ಉಪಾಧ್ಯಾಯರು. ಏಳನೆಯ ತರಗತಿಯ ಒಬ್ಬ ಹುಡುಗ ಪಾಠದ ನಡುವೆ ಎದ್ದು ನಿಂತು ಹೊರಗೆ ಹೋಗಲು ಅಪ್ಪಣೆ ಕೇಳುತ್ತಿದ್ದ. ಬಂದವನು ಹೂಜಿಯ ನೀರಿನ ಬಳಿ ನಿಲ್ಲುತ್ತಿದ್ದ. ಮತ್ತೆ ಅಪ್ಪಣೆ ಕೇಳುತ್ತಿದ್ದ. ಪಾಠ ತಪ್ಪಿಸುವ ನೆಪವೆಂದು ಬಗೆದು ಒಂದು ದಿನ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆವು. ಅಂದು ಹೇಳುತ್ತಿದ್ದ ಪಾಠ ಶ್ರೀರಂಗಪಟ್ಟಣದ ಒಪ್ಪಂದ. ಹುಡುಗ ದಿನದಿನಕ್ಕೆ ಸೊರಗುತ್ತಿದ್ದುದು ಕಣ್ಣಿಗೆ ಬಿದ್ದಿತ್ತು, ಮನಸ್ಸಿಗೆ ಬಿದ್ದಿರಲಿಲ್ಲ. ಸ್ವಲ್ಪ ದಿನಗಳಲ್ಲಿ ಅವನು ಬರುವುದು ನಿಂತಿತು. ಸಕ್ಕರೆ ಕಾಯಿಲೆಯೆಂದು ಗೊತ್ತಾಗಿ, ದೂರದ ಊರಿನಿಂದ ಇನ್ಸುಲಿನ್ ಸೀಸೆ ತಂದು, ಹಸಿ ಮರಳು ತುಂಬಿದ ಮಡಕೆಯಲ್ಲಿ ತಂಪಾಗಿ ಇಡುತ್ತಿದ್ದಾರೆಂದು ಅವನ ತಂದೆ ಬಂದು ಹೇಳಿದರು. ಎರಡು ಸೀಸೆಗಳಿಗೆ ಅವರ ಕೈ ಎಟುಕಿತು. ಮೂರನೆಯದಕ್ಕೆ ಎಟುಕಲಿಲ್ಲ. ಹಾಜರಿ ಪುಸ್ತಕದಿಂದ ಆ ಹೆಸರನ್ನು ಕೆಂಪು ಮಸಿಯಲ್ಲಿ ಹೊಡೆದುಹಾಕಿದವರು ನಾವೇ.

ಇನ್ಸುಲಿನ್ ಕಂಡುಹಿಡಿದು ಆಗಲೇ 57 ವರ್ಷಗಳಾಗಿದ್ದವು. ಔಷಧಿಯನ್ನು ಕಂಡುಹಿಡಿಯುವುದು ಒಂದು ಚರಿತ್ರೆ. ಅದು ಮಡಕೆಯವರೆಗೆ ಬಂದು ತಲುಪುವುದು ಇನ್ನೊಂದು ಚರಿತ್ರೆ. ಎರಡನೆಯದನ್ನು ಪುಸ್ತಕಗಳಲ್ಲಿ ಬರೆಯುವವರು ಕಡಮೆ.

ತೊಟ್ಟಿ ಮತ್ತು ಹೊಲ

ಆ ಎರಡನೆಯ ಚರಿತ್ರೆಗೂ ನಮ್ಮ ನಾಡಿನಲ್ಲಿ ಒಳ್ಳೆಯ ಪುಟಗಳಿವೆ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಕಾಮಾಲೆ ತರುವ ಹೆಪಟೈಟಿಸ್ ಬಿ ರೋಗಕ್ಕೆ ವಂಶವಾಹಿ ತಂತ್ರದ ಲಸಿಕೆಯನ್ನು ಸ್ವದೇಶದಲ್ಲಿ ತಯಾರಿಸಿತು. ಆಮದಿನ ಲಸಿಕೆಗೆ ಕೊಡಬೇಕಾಗಿದ್ದ ಬೆಲೆ ಅದರಿಂದ ಬಹಳ ಇಳಿಯಿತು. ಇನ್ಸುಲಿನ್ ಇಂದು ನಮ್ಮ ಸರಕಾರದ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿದ್ದು ಅದರ ಬೆಲೆಗೆ ಮಿತಿಯಿದೆ. ಇದರ ಎದುರಿಗೆ ಇನ್ನೊಂದು ಲೆಕ್ಕವನ್ನೂ ಇಡಬೇಕು. ಇನ್ಸುಲಿನ್ ಕಂಡವರು ಹಕ್ಕನ್ನು ಒಂದು ಡಾಲರಿಗೆ ಬಿಟ್ಟುಕೊಟ್ಟರೆ, ಕೋಹೆನ್ ಮತ್ತು ಬಾಯರ್ ಅವರ ತಂತ್ರದ ಪೇಟೆಂಟು ಅವರ ವಿಶ್ವವಿದ್ಯಾನಿಲಯಗಳಿಗೆ 25 ಕೋಟಿ ಡಾಲರಿಗೂ ಹೆಚ್ಚು ಗಳಿಸಿಕೊಟ್ಟಿತು. ಕಾಲ ಬದಲಾಗಿತ್ತು.

ಔಷಧಿಯ ತೊಟ್ಟಿಯನ್ನು ಒಪ್ಪಿದ ಜನ ಹೊಲದ ವಿಷಯದಲ್ಲಿ ಅಷ್ಟು ಸುಲಭವಾಗಿ ಒಪ್ಪಲಿಲ್ಲ. 2002ರಲ್ಲಿ ಭಾರತ ಬಿಟಿ ಹತ್ತಿಗೆ ಅನುಮತಿ ಕೊಟ್ಟಿತು. ಮಣ್ಣಿನ ಒಂದು ಬ್ಯಾಕ್ಟೀರಿಯಾದ ವಂಶವಾಹಿಯನ್ನು ಸೇರಿಸಿದ ಆ ಗಿಡ ಕಾಯಿಕೊರಕ ಹುಳುವಿಗೆ ವಿಷವಾಗುತ್ತದೆ. ಇಂದು ದೇಶದ ಹತ್ತಿಯಲ್ಲಿ ಬಹುಪಾಲು ಅದೇ. ಆದುದರಿಂದ ಸೇಲಮ್ಮಿನಲ್ಲಿ ಮನೆಯೊಳಗೆ ಕನ್ನಡವಾಡುವ ದೇವಾಂಗ ಬಂಧುಗಳ ಮಗ್ಗದ ಹತ್ತಿನೂಲಿನಲ್ಲಿಯೂ ಈ ಚರಿತ್ರೆಯ ಒಂದು ಎಳೆ ಸೇರಿರಬೇಕು. ಗುಲಾಬಿ ಕಾಯಿಕೊರಕ ಮಾತ್ರ ಕಾಲಕ್ರಮದಲ್ಲಿ ಆ ವಿಷವನ್ನು ತಾಳಿಕೊಳ್ಳಲು ಕಲಿತಿತು. ಬಿಟಿ ಬದನೆಯ ಸರದಿ ಬಂದಾಗ ಕೇಂದ್ರ ಸಚಿವ ಜೈರಾಂ ರಮೇಶ್ ಏಳು ನಗರಗಳಲ್ಲಿ ಜನರ ಅಭಿಪ್ರಾಯ ಕೇಳಿದರು. 2010ರ ಫೆಬ್ರವರಿ 6ರಂದು ಬೆಂಗಳೂರಿನ ಸಭೆ; ಮೂರು ದಿನಗಳ ಬಳಿಕ ಅದಕ್ಕೆ ತಡೆ ಬಿದ್ದಿತು. ವಾದಿರಾಜಸ್ವಾಮಿಗಳ ಪ್ರಸಾದವೆಂದು ಉಡುಪಿಯ ಜನ ನಂಬಿರುವ ಮಟ್ಟುಗುಳ್ಳದ ಹೆಸರೂ ಆಗ ಚರ್ಚೆಯಲ್ಲಿ ಕೇಳಿಬಂದಿತು. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು.

ಈ ಎರಡು ನಿಲುವುಗಳಲ್ಲಿ ವಿರೋಧವೇನೂ ಇಲ್ಲವೆಂದು ನಮ್ಮ ಭಾವನೆ. ತೊಟ್ಟಿಯ ಬಾಗಿಲು ಮುಚ್ಚಿರುತ್ತದೆ; ಒಳಗಿನ ಯೀಸ್ಟ್ ಅಲ್ಲಿಯೇ ಸಾಯುತ್ತದೆ, ಶುದ್ಧಗೊಂಡ ಔಷಧಿ ಮಾತ್ರ ಹೊರಗೆ ಬರುತ್ತದೆ. ಹೊಲಕ್ಕೆ ಬಾಗಿಲಿಲ್ಲ. ಗಾಳಿ, ದುಂಬಿ, ಬೀಜ ಎಲ್ಲವೂ ಬೇಲಿ ದಾಟುತ್ತವೆ. ಮೇಲಾಗಿ ಬೀಜವನ್ನು ಎತ್ತಿಟ್ಟುಕೊಳ್ಳುವುದು ರೈತನ ಹಕ್ಕು. ಕನ್ನಡದಲ್ಲಿ ಇಂಥ ಬೆಳೆಗೆ 'ಕುಲಾಂತರಿ' ಎಂಬ ಮಾತು ಬಳಕೆಗೆ ಬಂದಿದೆ. ಕುಲ ದಾಟಿದ್ದೆಲ್ಲ ಕೆಟ್ಟದ್ದಲ್ಲ ಎಂಬುದಕ್ಕೆ ನಮ್ಮ ಎಸ್.795 ಕಾಫಿಯೇ ಸಾಕ್ಷಿ. ದಾಟಿದ್ದೆಲ್ಲ ಒಳ್ಳೆಯದೂ ಅಲ್ಲ. ಒಂದೊಂದನ್ನೂ ಬೇರೆ ಬೇರೆಯಾಗಿ ತೂಗಿ ನೋಡಬೇಕಾಗುತ್ತದೆ.

ನೀಲಗಿರಿ, ವೆಲ್ಲೂರು

ಈಗಿನ ಹೊಸ ಅಧ್ಯಾಯ ರೋಗಿಯ ದೇಹದೊಳಗಿನ ವಂಶವಾಹಿಯನ್ನೇ ತಿದ್ದುವುದು. 1952ರಲ್ಲಿ ಲೆಹ್ಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು ನೀಲಗಿರಿಯ ಬುಡಕಟ್ಟು ಜನರ ರಕ್ತದಲ್ಲಿ ಕುಡಗೋಲು ಕಣದ ಲಕ್ಷಣವನ್ನು ಗುರುತಿಸಿದರು. ನಾಲ್ಕಕ್ಷರಗಳ ಆ ದೀರ್ಘ ಗ್ರಂಥದಲ್ಲಿ ಒಂದೇ ಒಂದು ಅಕ್ಷರ ತಪ್ಪಿದರೆ ಕೆಂಪು ರಕ್ತಕಣ ಕುಡಗೋಲಿನಂತೆ ಬಾಗಿ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ರೋಗಿ ಅಸಹನೀಯ ನೋವಿನಿಂದ ನರಳುತ್ತಾನೆ. ಡಿಎನ್‌ಎಯನ್ನು ಬೇಕಾದ ಜಾಗದಲ್ಲಿಯೇ ಕತ್ತರಿಸುವ ಕ್ರಿಸ್ಪರ್ ಎಂಬ ಹೊಸ ಕತ್ತರಿಯನ್ನು 2012ರಲ್ಲಿ ರೂಪಿಸಿದ ಎಮಾನ್ಯುಯೆಲ್ ಶಾರ್ಪಾಂಟಿಯೆ ಮತ್ತು ಜೆನಿಫರ್ ಡೌಡ್ನಾ ಎಂಬ ಇಬ್ಬರು ಮಹಿಳೆಯರಿಗೆ 2020ರಲ್ಲಿ ನೊಬೆಲ್ ಬಂದಿತು. 2023ರ ಕೊನೆಯಲ್ಲಿ ಕುಡಗೋಲು ಕಣ ರೋಗಕ್ಕೆ ಅದರ ಚಿಕಿತ್ಸೆಯನ್ನು ಬ್ರಿಟನ್ ಮತ್ತು ಅಮೆರಿಕಗಳು ಒಪ್ಪಿದವು. ಅಮೆರಿಕದಲ್ಲಿ ಅದರ ಬೆಲೆ ಒಬ್ಬ ರೋಗಿಗೆ 22 ಲಕ್ಷ ಡಾಲರ್. ನೀಲಗಿರಿಯ ಹಾಡಿಗೂ ಆ ಬೆಲೆಗೂ ನಡುವಿನ ದೂರವನ್ನು ಅಳೆಯಲು ನಮಗೆ ಗೊತ್ತಿರುವ ಗಣಿತ ಸಾಲದು.

ಆದರೂ ನಿರಾಶೆಗೆ ಕಾರಣವಿಲ್ಲ. ನಮ್ಮ ಭಾಗದ ಜನ ದೊಡ್ಡ ಕಾಯಿಲೆ ಬಂದರೆ ಮೊದಲು ನೆನೆಯುವ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಕುಸುಮ ರೋಗದ ಐವರು ರೋಗಿಗಳಿಗೆ ವಂಶವಾಹಿ ಚಿಕಿತ್ಸೆ ಕೊಟ್ಟು, ಅದರ ಫಲಿತಾಂಶವನ್ನು 2024ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ರೋಗಿಯದೇ ರಕ್ತಮೂಲ ಕೋಶಗಳನ್ನು ಹೊರತೆಗೆದು, ಇಲ್ಲದ ವಂಶವಾಹಿಯನ್ನು ಸೇರಿಸಿ, ಮರಳಿ ದೇಹಕ್ಕೆ ಕೊಟ್ಟರು. ಗಾಯವಾದರೆ ರಕ್ತ ನಿಲ್ಲದೆ ನರಳುತ್ತಿದ್ದ ಆ ಐವರಿಗೆ ಆಮೇಲೆ ರಕ್ತಸ್ರಾವ ಮರುಕಳಿಸಲಿಲ್ಲ. ಸೇಲಮ್ಮಿನಿಂದ ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ತಲುಪುವ ಊರಿನಲ್ಲಿ ಇದು ನಡೆದಿದೆ.

ನಮ್ಮ ಒಂದು ಬಿನ್ನಹ

ಇಷ್ಟೆಲ್ಲ ಹೇಳಿ ಸಂಘದ ಮುಂದೆ ಒಂದು ಬಿನ್ನಹವನ್ನು ಇಡಲು ಬಯಸುತ್ತೇವೆ. ಯೀಸ್ಟಿನಲ್ಲಿ ಇನ್ಸುಲಿನ್ ಬೆಳೆಯುವ ವಿದ್ಯೆ ನಮ್ಮ ಕೈಯಲ್ಲಿಲ್ಲ. ಆದರೆ ಒಂದು ಪುಟದ ಕರಪತ್ರವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಗಡಿಭಾಗದ ಪ್ರತಿಯೊಂದು ಕನ್ನಡ ಶಾಲೆಯ ಉಪಾಧ್ಯಾಯರ ಕೋಣೆಯ ಗೋಡೆಗೆ ಅಂಟಿಸುವುದು ನಮ್ಮಿಂದ ಆಗುವ ಕೆಲಸ. ಅದರಲ್ಲಿ ಮೂರು ಮಾತುಗಳಿದ್ದರೆ ಸಾಕು. ಮಗು ಮತ್ತೆ ಮತ್ತೆ ನೀರು ಕುಡಿಯುತ್ತಿದ್ದರೆ, ಮತ್ತೆ ಮತ್ತೆ ಮೂತ್ರಕ್ಕೆ ಹೋಗುತ್ತಿದ್ದರೆ, ಉಣ್ಣುತ್ತಿದ್ದರೂ ಸೊರಗುತ್ತಿದ್ದರೆ, ಗದರಿಸಬೇಡಿ. ಅಂದೇ ರಕ್ತದ ಸಕ್ಕರೆಯನ್ನು ಪರೀಕ್ಷಿಸಲು ಆಸ್ಪತ್ರೆಗೆ ಕಳುಹಿಸಿ.

ಏರ್ಕಾಡಿನ ಕಾಫಿಯನ್ನು ಕುಡಿಯುತ್ತ, ಸಕ್ಕರೆಯಿಲ್ಲದ ಅದರ ಕಹಿಯನ್ನು ನಾಲಗೆಯ ಮೇಲೆ ಹಿಡಿದು, ಈ ಎರಡು ಚರಿತ್ರೆಗಳನ್ನೂ ಓದುಗರು ನೆನೆಯಲಿ. ಬೆಂಚಿನ ಮೇಲೆ ನಿಂತಿದ್ದ ಆ ಹುಡುಗ ಇಂದು ಬದುಕಿದ್ದರೆ ಅವನಿಗೂ ಅರುವತ್ತರ ಸಮೀಪದ ವಯಸ್ಸು. ಎರಡನೆಯ ಪಾತ್ರೆಯ ಮುಂದಿನ ಸಾಲಿನಲ್ಲಿ ಅವನೂ ನಮ್ಮೊಡನೆ ನಿಂತಿರುತ್ತಿದ್ದ.